ಹೊಸದನ್ನು ಕೊಳ್ಳುವ ಮುನ್ನ: ಮನೆಯ ಯಂತ್ರಗಳಲ್ಲಿ ಅಡಚಣೆ ಎಲ್ಲಿದೆ?

ಬೆಂಗಳೂರಿನ ಮನೆಗಳಲ್ಲಿ ರಾತ್ರಿ ಎಂಟರಿಂದ ಹತ್ತರ ನಡುವೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನ ವೈವಿಧ್ಯವೇನಿಲ್ಲ. ಟಿವಿಯಲ್ಲಿ ಸಿನಿಮಾ ಅರ್ಧಕ್ಕೆ ನಿಂತು ಚಕ್ರ ತಿರುಗುತ್ತದೆ, ಕೊನೆಯ ಕೋಣೆಯಲ್ಲಿ ಕುಳಿತು ಅಮೆರಿಕದವರ ಜೊತೆ ಮಾತನಾಡುತ್ತಿರುವವರ ಮುಖ ಚೌಕಚೌಕವಾಗಿ ಒಡೆಯುತ್ತದೆ, ಲ್ಯಾಪ್‌ಟಾಪ್ ಆನ್ ಮಾಡಿ ಕಾಫಿ ಬೆರೆಸಿಕೊಂಡು ಬಂದರೂ ಪರದೆ ಪೂರ್ತಿಯಾಗಿ ಮೂಡಿರುವುದಿಲ್ಲ. ಇವೆಲ್ಲಕ್ಕೂ ಮನೆಯವರು ಕಂಡುಕೊಳ್ಳುವ ಪರಿಹಾರವೂ ಸಾಮಾನ್ಯವಾಗಿ ಒಂದೇ: ಹಳೆಯದಾಯಿತು, ಬದಲಿಸಿಬಿಡೋಣ. ಕಂತಿನ ಸೌಲಭ್ಯವೂ ಎಕ್ಸ್‌ಚೇಂಜ್ ಆಫರೂ ಬೆರಳ ತುದಿಯಲ್ಲೇ ಇರುವಾಗ ಈ ತೀರ್ಮಾನಕ್ಕೆ ಬರುವುದು ಕಷ್ಟವಲ್ಲ. ಆದರೆ ಯಾವ ಯಂತ್ರವೂ ಇಡಿಯಾಗಿ ನಿಧಾನವಾಗುವುದು ಅಪರೂಪ; ಅದರೊಳಗಿನ ಅಥವಾ ಅದಕ್ಕೆ ಹೊಂದಿಕೊಂಡ ಯಾವುದೋ ಒಂದು ಭಾಗ ಮಿಕ್ಕ ಎಲ್ಲವನ್ನೂ ತಡೆದು ನಿಲ್ಲಿಸಿರುತ್ತದೆ. ಆ ಭಾಗ ಯಾವುದೆಂದು ಪತ್ತೆಮಾಡದೆ ಕೊಂಡ ಹೊಸ ಯಂತ್ರ ಹಳೆಯ ತೊಂದರೆಯ ಜೊತೆಗೇ ಸಂಸಾರ ಹೂಡುತ್ತದೆ.

ಹೆಚ್ಚು ಬೈಗುಳ ತಿನ್ನುವ ಇಂಟರ್ನೆಟ್ಟಿನಿಂದಲೇ ಪ್ರಾರಂಭಿಸಬಹುದು. 'ನೆಟ್ ಸ್ಲೋ' ಎಂಬ ಎರಡು ಪದಗಳ ದೂರಿನೊಳಗೆ ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ: ಕಂಪನಿಯಿಂದ ಮನೆಯವರೆಗಿನ ಫೈಬರ್, ಮನೆಯೊಳಗಿನ ರೂಟರ್, ರೂಟರಿನಿಂದ ನಮ್ಮ ಕೈಯಲ್ಲಿರುವ ಫೋನಿನವರೆಗಿನ ಗಾಳಿಯ ದಾರಿ. ಇವನ್ನು ಬೇರ್ಪಡಿಸಲು ತಂತ್ರಜ್ಞರೇ ಬೇಕೆಂದಿಲ್ಲ. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ಒಮ್ಮೆ ವೇಗವನ್ನು ಅಳೆಯಬೇಕು. ಕೇಬಲ್ ತೆಗೆದು, ರೂಟರಿನ ಪಕ್ಕದಲ್ಲೇ ನಿಂತು ವೈ-ಫೈನಲ್ಲಿ ಅಳೆಯಬೇಕು. ಕೊನೆಗೆ ತೊಂದರೆ ಇರುವ ಕೋಣೆಗೆ ಹೋಗಿ ಅಳೆಯಬೇಕು. ಬೆಳಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಇದನ್ನು ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕೇಬಲ್ಲಿನಲ್ಲಿಯೂ ರಾತ್ರಿ ಮಾತ್ರ ವೇಗ ಕುಸಿಯುತ್ತಿದ್ದರೆ ಅದು ಕಂಪನಿಯ ಕಡೆಯ ದಟ್ಟಣೆ, ಎಷ್ಟು ದುಬಾರಿ ರೂಟರ್ ತಂದರೂ ಸರಿಹೋಗದು. ಕೇಬಲ್ಲಿನಲ್ಲಿ ಚೆನ್ನಾಗಿದ್ದು ರೂಟರಿನ ಪಕ್ಕದಲ್ಲೇ ವೈ-ಫೈ ಸೋಲುತ್ತಿದ್ದರೆ ಅನುಮಾನ ರೂಟರಿನ ಮೇಲೆ ಅಥವಾ ಅಕ್ಕಪಕ್ಕದ ಮನೆಗಳ ವೈ-ಫೈ ಗದ್ದಲದ ಮೇಲೆ ಹೋಗಬೇಕು. ಪಕ್ಕದಲ್ಲಿ ಸರಿಯಿದ್ದು ಕೋಣೆಯಲ್ಲಿ ಮಾತ್ರ ಕೆಟ್ಟಿದ್ದರೆ ತಪ್ಪು ಗೋಡೆಯದು, ಅಥವಾ ರೂಟರನ್ನು ಇಟ್ಟ ಜಾಗದ್ದು.

ಈ ಪರೀಕ್ಷೆಯಲ್ಲಿ ಒಂದು ಅಂಕಿಯನ್ನು ವಿಶೇಷವಾಗಿ ಗಮನಿಸಬೇಕು. 200 ಅಥವಾ 300 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಪ್ಲ್ಯಾನಿಗೆ ಹಣ ಕಟ್ಟುತ್ತಿರುವ ಮನೆಯಲ್ಲಿ, ಕೇಬಲ್ ಜೋಡಿಸಿದಾಗಲೂ ವೇಗ 94ರ ಆಸುಪಾಸಿನಲ್ಲೇ ಅಂಟಿಕೊಂಡಿದ್ದರೆ ಅದು ಆಕಸ್ಮಿಕವಲ್ಲ. ರೂಟರಿನ ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್ 100 ಎಂಬಿಪಿಎಸ್‌ನದಾಗಿದೆ, ಇಲ್ಲವೇ ನಡುವಿನ ತಂತಿಯಲ್ಲಿ ದೋಷವಿದೆ ಎಂದರ್ಥ. ನೆಟ್‌ವರ್ಕ್ ಕೇಬಲ್ಲಿನೊಳಗೆ ಒಟ್ಟು ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದುಕೊಂಡಿರುತ್ತವೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್ (1,000 ಎಂಬಿಪಿಎಸ್) ವೇಗಕ್ಕೆ ನಾಲ್ಕೂ ಜೋಡಿಗಳು ಬೇಕು. ಅವಸರದಲ್ಲಿ ಕೇಬಲ್ಲಿನ ತುದಿಗೆ ಕನೆಕ್ಟರ್ ಒತ್ತಿಹೋದ ಹುಡುಗ ಮಿಕ್ಕ ಎರಡು ಜೋಡಿಗಳ ಒಂದು ತಂತಿಯನ್ನು ಸರಿಯಾಗಿ ಕೂರಿಸದಿದ್ದರೂ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿಯುತ್ತದೆ. ಕನೆಕ್ಟರಿನ ಪಾರದರ್ಶಕ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಎಂಟೂ ಬಣ್ಣದ ತಂತಿಗಳು ಕೊನೆಯ ತನಕ ತಲುಪಿವೆಯೇ ಎಂಬುದು ಬರಿಗಣ್ಣಿಗೇ ಕಾಣುತ್ತದೆ. ತಂತಿಯ ದೋಷವಾದರೆ ಖರ್ಚು ಒಂದು ಕನೆಕ್ಟರಿನಷ್ಟೇ. (ಇದೇ ಸಂದರ್ಭದಲ್ಲಿ ಇನ್ನೊಂದು ಗೊಂದಲವನ್ನೂ ಪರಿಹರಿಸಿಕೊಳ್ಳಬಹುದು: ಪ್ಲ್ಯಾನಿನ ವೇಗ ಬಿಟ್‌ಗಳಲ್ಲಿರುತ್ತದೆ, ಡೌನ್‌ಲೋಡ್ ವೇಗವನ್ನು ಕಂಪ್ಯೂಟರ್ ಸಾಮಾನ್ಯವಾಗಿ ಬೈಟ್‌ಗಳಲ್ಲಿ ತೋರಿಸುತ್ತದೆ, ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್ ಪ್ಲ್ಯಾನಿನಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಇಳಿಯುತ್ತಿದ್ದರೆ ಯಾರೂ ಮೋಸ ಮಾಡಿಲ್ಲ.)

ಗೋಡೆಯ ವಿಷಯದಲ್ಲಿ ಬೆಂಗಳೂರಿನ ಮನೆಗಳು ವೈ-ಫೈಗೆ ಅನುಕೂಲಕರವಲ್ಲ. ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ಇನ್ನೂ ಉಳಿದಿರುವ ಮನೆಗಳ ಗೋಡೆಗಳು ದಪ್ಪ. ಹೊಸ ಗಗನಚುಂಬಿಗಳಲ್ಲಿ ಹಲವು 'ಮೈವಾನ್' ಎಂದು ಕರೆಯಲಾಗುವ ಅಲ್ಯುಮಿನಿಯಂ ಅಚ್ಚುಗಳಲ್ಲಿ ಎರಕಹೊಯ್ದವು, ಅಂದರೆ ಅವುಗಳಲ್ಲಿ ಒಳಗಿನ ಗೋಡೆಗಳೂ ಇಟ್ಟಿಗೆಯವಲ್ಲ, ಕಬ್ಬಿಣದ ಸರಳು ತುಂಬಿದ ಕಾಂಕ್ರೀಟಿನವು. ವೈ-ಫೈ ಸಾಮಾನ್ಯವಾಗಿ ಬಳಸುವ ಎರಡು ತರಂಗ ಪಟ್ಟಿಗಳಲ್ಲಿ 2.4 ಗಿಗಾಹರ್ಟ್ಸ್‌ನ ಅಲೆ ಇಂಥ ಗೋಡೆಯನ್ನು ಒಂದಿಷ್ಟು ದಾಟುತ್ತದೆ, 5 ಗಿಗಾಹರ್ಟ್ಸ್‌ನ ಅಲೆ ಬೇಗ ಸೋಲುತ್ತದೆ. ಹಾಗೆಂದು ಎಲ್ಲವನ್ನೂ 2.4ಕ್ಕೆ ಜೋಡಿಸಿಕೊಂಡರೆ ಮತ್ತೊಂದು ತೊಡಕು ಎದುರಾಗುತ್ತದೆ: ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ ಮೂರು. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕ, ಮೇಲೆ ಕೆಳಗೆ ಇರುವ ಎಲ್ಲ ಮನೆಗಳ ರೂಟರುಗಳೂ ಈ ಮೂರರಲ್ಲೇ ಹಂಚಿಕೊಳ್ಳಬೇಕು. ಬ್ಲೂಟೂತ್ ಕೂಡ ಇದೇ ಪಟ್ಟಿಯಲ್ಲಿದೆ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ 2.45 ಗಿಗಾಹರ್ಟ್ಸ್ ಸುಮಾರಿನಲ್ಲೇ ಕೆಲಸ ಮಾಡುತ್ತದೆ. ವೈ-ಫೈ ಉಪಕರಣಗಳು ಒಂದು ಸಣ್ಣ ಕೋಣೆಯಲ್ಲಿ ಸೇರಿದ ಸಭ್ಯ ಜನರಂತೆ, ಬೇರೆಯವರ ಮಾತು ಮುಗಿಯುವುದನ್ನು ಕಾದು ತಾವು ಬಾಯಿ ತೆರೆಯುತ್ತವೆ. ಜನ ಹೆಚ್ಚಾದಷ್ಟೂ ಕಾಯುವ ಹೊತ್ತು ಹೆಚ್ಚುತ್ತದೆ. ಫೋನಿನಲ್ಲಿ ಸಿಗ್ನಲ್ಲಿನ ಗೆರೆಗಳು ಪೂರ್ತಿ ಕಾಣುತ್ತಿದ್ದರೂ ಪುಟ ತೆರೆದುಕೊಳ್ಳದಿರುವುದಕ್ಕೆ ಹಲವು ಬಾರಿ ಇದೇ ಕಾರಣ. ಗೆರೆಗಳು ಹೇಳುವುದು ಅಲೆಯ ಬಲವನ್ನು, ಸರದಿಯ ಉದ್ದವನ್ನಲ್ಲ.

ರೂಟರ್ ಇರುವ ಸ್ಥಳವನ್ನು ಮನೆಯವರಿಗಿಂತ ಹೆಚ್ಚಾಗಿ ಬಿಲ್ಡರ್ ಮತ್ತು ಕೇಬಲ್ ಎಳೆಯುವವರೇ ನಿರ್ಧರಿಸಿರುತ್ತಾರೆ. ಅನೇಕ ಫ್ಲ್ಯಾಟುಗಳಲ್ಲಿ ಮುಂಬಾಗಿಲ ಪಕ್ಕದ ಗೋಡೆಯೊಳಗೆ ಒಂದು ತಗಡಿನ ಪೆಟ್ಟಿಗೆ ಇರುತ್ತದೆ, ಫೈಬರ್ ಬಂದು ಸೇರುವುದು ಅಲ್ಲಿಗೆ, ರೂಟರನ್ನೂ ಅಲ್ಲೇ ತುರುಕಿ ಮುಚ್ಚಳ ಹಾಕಿರುತ್ತಾರೆ. ಲೋಹದ ಪೆಟ್ಟಿಗೆಯೊಳಗೆ ಕುಳಿತ ರೂಟರಿನ ಅಲೆ ಹೊರಗೆ ಬರುವುದೇ ದುಸ್ತರ. ಅದನ್ನು ಹೊರಗೆ ತಂದು, ಮನೆಯ ನಡುಭಾಗದಲ್ಲಿ ಎತ್ತರದ ಕಪಾಟಿನ ಮೇಲೆ, ಸ್ಟೀಲ್ ಬೀರು ಮತ್ತು ಫ್ರಿಜ್ಜಿನಿಂದ ದೂರ ಇಟ್ಟರೆ ಸಿಗುವ ಸುಧಾರಣೆ ಅನೇಕ ವೇಳೆ ಹೊಸ ರೂಟರ್ ಕೊಡುವ ಸುಧಾರಣೆಗಿಂತ ಹೆಚ್ಚು. ಅಷ್ಟಕ್ಕೂ ಸಾಲದಿದ್ದರೆ ಎರಡನೆಯ ವೈ-ಫೈ ಘಟಕ ಬೇಕು. ಆದರೆ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಅಗ್ಗದ ರಿಪೀಟರಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ; ಒಂದೇ ಪಟ್ಟಿಯಲ್ಲಿ ಕೇಳಿದ್ದನ್ನೇ ಅದೇ ಚಾನೆಲ್ಲಿನಲ್ಲಿ ಮತ್ತೊಮ್ಮೆ ಹೇಳಬೇಕಾದ್ದರಿಂದ ಅದರ ಮೂಲಕ ದೊರೆಯುವ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕೋಣೆಗಳಿಗೆ ಕೇಬಲ್ ಎಳೆಯುವ ಪೈಪು ಗೋಡೆಯಲ್ಲಿ ಮೊದಲೇ ಇದ್ದರೆ ಅದರಲ್ಲಿ ಒಂದು ತಂತಿ ಎಳೆಸಿ, ಆ ತುದಿಗೆ ಎರಡನೆಯ ಘಟಕವನ್ನು ಜೋಡಿಸುವುದು ಎಲ್ಲಕ್ಕಿಂತ ಬಾಳಿಕೆಯ ಉಪಾಯ.

ಹಾಗಿದ್ದರೆ ರೂಟರ್ ಬದಲಿಸಲೇಬೇಕಾದ ಸಂದರ್ಭ ಯಾವುದು? ಅದು 2.4 ಗಿಗಾಹರ್ಟ್ಸ್ ಒಂದನ್ನೇ ಬಲ್ಲದಾಗಿದ್ದರೆ, 100ಕ್ಕಿಂತ ಹೆಚ್ಚಿನ ಪ್ಲ್ಯಾನಿಗೆ ಪೋರ್ಟ್ ಅಡ್ಡ ಬರುತ್ತಿದ್ದರೆ, ಅಥವಾ ತಯಾರಕರು ಅದಕ್ಕೆ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದರೆ. ವೈ-ಫೈ 6 ಅಥವಾ 7 ಎಂಬ ಹೆಸರಿಗೆ ಮಾತ್ರ ಹಣ ಸುರಿಯುವವರು ಮನೆಯಲ್ಲಿರುವ ಫೋನುಗಳೂ ಟಿವಿಯೂ ಆ ಭಾಷೆಯನ್ನು ಬಲ್ಲವೇ ಎಂದು ಮೊದಲು ನೋಡಬೇಕು. ಎರಡೂ ಕಡೆ ಅದು ಇಲ್ಲದಿದ್ದರೆ ಸಂಭಾಷಣೆ ಹಳೆಯ ಭಾಷೆಯಲ್ಲೇ ನಡೆಯುತ್ತದೆ. ಹೆಚ್ಚಿನ ಪ್ಲ್ಯಾನಿಗೆ ಏರುವವರೂ ಒಂದು ಲೆಕ್ಕ ಹಾಕಬಹುದು: ಒಂದು 4ಕೆ ಸಿನಿಮಾಗೆ 15ರಿಂದ 25 ಎಂಬಿಪಿಎಸ್ ಸಾಕಾಗುತ್ತದೆ, ವಿಡಿಯೊ ಕರೆಗೆ ಅದರಲ್ಲೊಂದು ಸಣ್ಣ ಪಾಲು. ನಾಲ್ಕು ಜನರ ಮನೆ 100ರಲ್ಲಿ ತಿಣುಕುತ್ತಿದ್ದರೆ, ಕೊರತೆ ಪ್ಲ್ಯಾನಿನಲ್ಲಿ ಇರುವ ಸಾಧ್ಯತೆ ಕಡಿಮೆ.

ಕರೆಂಟ್ ಹೋದಾಗ ನೆಟ್ ಹೋಗುವುದು ಬೇರೆಯೇ ಕಥೆ. ರೂಟರ್ ಸಾಮಾನ್ಯವಾಗಿ 12 ವೋಲ್ಟ್‌ನಲ್ಲಿ ನಡೆಯುವ, ಹತ್ತು-ಹದಿನೈದು ವ್ಯಾಟ್‌ಗಿಂತ ಹೆಚ್ಚು ಬೇಡದ ಸಾಧನ. ಅದಕ್ಕೆಂದೇ ಸಿಗುವ ಪುಟ್ಟ ಲಿಥಿಯಂ ಯುಪಿಎಸ್ ಅದನ್ನು ಗಂಟೆಗಟ್ಟಲೆ ನಡೆಸುತ್ತದೆ. ಆದರೆ ಕೊಳ್ಳುವ ಮುನ್ನ ಮನೆಗೆ ಬಂದಿರುವ ಸಂಪರ್ಕ ಯಾವ ಬಗೆಯದೆಂದು ಕೇಳಿ ತಿಳಿಯುವುದು ಒಳ್ಳೆಯದು. ಫೈಬರ್ ನೇರವಾಗಿ ಮನೆಯೊಳಗಿನ ಪೆಟ್ಟಿಗೆಗೆ ಬಂದಿದ್ದರೆ, ದಾರಿಯಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರ್‌ಗೆ ವಿದ್ಯುತ್ತೇ ಬೇಡ, ಹೀಗಾಗಿ ಬೀದಿಗೆಲ್ಲ ಕತ್ತಲೆ ಕವಿದರೂ ರೂಟರಿಗೆ ಕರೆಂಟ್ ಇದ್ದರೆ ಸಂಪರ್ಕ ಉಳಿಯುತ್ತದೆ. ಹಾಗಲ್ಲದೆ ಪಕ್ಕದ ಕಟ್ಟಡದ ತಾರಸಿಯಲ್ಲಿ ಸ್ಥಳೀಯ ಆಪರೇಟರ್ ಇಟ್ಟ ನೆಟ್‌ವರ್ಕ್ ಸ್ವಿಚ್ಚಿನಿಂದ (ಸಂಪರ್ಕವನ್ನು ಮನೆಗಳಿಗೆ ಹಂಚುವ ಪೆಟ್ಟಿಗೆಯಿಂದ) ತಾಮ್ರದ ಕೇಬಲ್ ಬಂದಿದ್ದರೆ, ಆ ಸ್ವಿಚ್ಚಿಗೆ ಕರೆಂಟ್ ಇಲ್ಲದಾಗ ನಮ್ಮ ಯುಪಿಎಸ್ ಬರೀ ದೀಪಗಳನ್ನು ಮಿನುಗಿಸುತ್ತದೆ. ಇನ್ನು, ಮನೆಗೆಲ್ಲ ಇನ್ವರ್ಟರ್ ಇದ್ದೂ ಕರೆಂಟ್ ಹೋದ ಕ್ಷಣದಲ್ಲಿ ಕಂಪ್ಯೂಟರ್ ಆರಿಹೋಗುತ್ತಿದ್ದರೆ ಬ್ಯಾಟರಿಯನ್ನು ದೂರುವ ಮುನ್ನ ಇನ್ವರ್ಟರಿನ ಮೋಡ್ ಬಟನ್ನನ್ನು ನೋಡಬೇಕು. ಹಲವು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಎಂಬುದಿದೆ; ಅದರಲ್ಲಿ ಬ್ಯಾಟರಿಗೆ ಬದಲಾಗುವ ಅವಧಿ ಸುಮಾರು 10 ಮಿಲಿಸೆಕೆಂಡ್, ಅಷ್ಟನ್ನು ಕಂಪ್ಯೂಟರಿನ ಪವರ್ ಸಪ್ಲೈ ತಡೆದುಕೊಳ್ಳುತ್ತದೆ.

ಕಂಪ್ಯೂಟರಿಗೆ ಬಂದರೆ, ನಿಧಾನದ ಮೂಲವನ್ನು ಅದೇ ಬಾಯಿಬಿಟ್ಟು ಹೇಳುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಪ್ರೊಸೆಸರಿನ ಬಳಕೆ ಹತ್ತು-ಹದಿನೈದು ಶೇಕಡಾದಲ್ಲಿ ನಿದ್ರಿಸುತ್ತಿರುವಾಗ ಡಿಸ್ಕ್ ಮಾತ್ರ ಶೇ 100 ಎಂದು ತೋರಿಸುತ್ತಿದ್ದರೆ, ಅಪರಾಧಿ ತಿರುಗುವ ಹಾರ್ಡ್‌ಡಿಸ್ಕ್. ನಿಮಿಷಕ್ಕೆ 5,400 ಸುತ್ತು ತಿರುಗುವ ಲ್ಯಾಪ್‌ಟಾಪ್ ಡಿಸ್ಕಿನಲ್ಲಿ ಬೇಕಾದ ಜಾಗ ಸೂಜಿಯ ಕೆಳಗೆ ಬರುವುದಕ್ಕೇ ಸರಾಸರಿ 5.6 ಮಿಲಿಸೆಕೆಂಡ್ ಹಿಡಿಯುತ್ತದೆ, ಸೂಜಿ ಸರಿಯುವ ಹೊತ್ತು ಬೇರೆ. ಹೀಗಾಗಿ ಅಲ್ಲಲ್ಲಿ ಚದುರಿದ ಕಡತಗಳನ್ನು ಸೆಕೆಂಡಿಗೆ ನೂರರಷ್ಟು ಬಾರಿ ಓದುವುದೂ ಅದಕ್ಕೆ ಕಷ್ಟ. ಚಲಿಸುವ ಭಾಗವೇ ಇಲ್ಲದ, ಎಸ್‌ಎಸ್‌ಡಿ ಎಂಬ ಸಂಗ್ರಹ ಸಾಧನ ಅದೇ ಕೆಲಸವನ್ನು ಸಾವಿರಗಳ ಲೆಕ್ಕದಲ್ಲಿ ಮಾಡುತ್ತದೆ. ಎಂಟು ವರ್ಷದ ಲ್ಯಾಪ್‌ಟಾಪನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರೋಡಿಗೆ ಕೊಂಡೊಯ್ದು, ಎಸ್‌ಎಸ್‌ಡಿ ಹಾಕಿಸಿ, ಜಾಗವಿದ್ದರೆ 4 ಜಿಬಿ ಮೆಮೊರಿಯನ್ನು 8ಕ್ಕೆ ಏರಿಸಿದರೆ ಅದು ಹೊಸ ಅಗ್ಗದ ಲ್ಯಾಪ್‌ಟಾಪಿಗೆ ಸಾಟಿಯಾಗುವುದನ್ನು ನೋಡಬಹುದು. ತೆಳುವಾದ ಕೆಲವು ಮಾದರಿಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅವುಗಳಲ್ಲಿ ಈ ದಾರಿ ಮುಚ್ಚಿದೆ.

ಆದರೆ ವಯಸ್ಸೇ ಕಾರಣವಾಗುವ ಒಂದು ಸಂದರ್ಭವೂ ಇದೆ, ಅದು ಭದ್ರತೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಹೆಸರು ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಏರ್ಪಾಡನ್ನೂ ಪ್ರಕಟಿಸಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಅಥವಾ ನಂತರದ ಪ್ರೊಸೆಸರೂ ಬೇಕು. ಇದರರ್ಥ, ಯಂತ್ರವಾಗಿ ಗಟ್ಟಿಮುಟ್ಟಾಗಿರುವ ಅನೇಕ ಕಂಪ್ಯೂಟರುಗಳು ಕಾಗದದ ಮೇಲೆ ಮುದಿಯಾದವು. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಅಪ್‌ಡೇಟ್ ಇಲ್ಲದ ವ್ಯವಸ್ಥೆಯನ್ನು ಉಳಿಸಿಕೊಳ್ಳುವುದು ಸರಿಯಲ್ಲ. ಬ್ರೌಸರ್, ಪತ್ರ, ಮಕ್ಕಳ ಪಾಠಕ್ಕಷ್ಟೇ ಬಳಸುವುದಾದರೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಸಿ ಇನ್ನೂ ಕೆಲವು ವರ್ಷ ನಡೆಸಬಹುದು. ಫೋನಿಗೂ ಇದೇ ಮಾತು. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್‌ನ ದಿನಾಂಕ ವರ್ಷದ ಹಿಂದಿನದಾಗಿದ್ದು, ಹೊಸದು ಬರುವ ಸೂಚನೆಯೂ ಇಲ್ಲದಿದ್ದರೆ ಯುಪಿಐ ಬಳಸುವ ಫೋನನ್ನು ಬದಲಿಸುವುದಕ್ಕೆ ಅದು ಕ್ಯಾಮೆರಾಗಿಂತ ಬಲವಾದ ಕಾರಣ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24 ಸರಣಿಗಳಿಗೆ ಏಳು ವರ್ಷಗಳ ಅಪ್‌ಡೇಟ್ ಭರವಸೆ ಇದೆ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇಂಥದ್ದು. ಪ್ಯಾಚ್ ಹೊಸದಿದ್ದು, ಸಂಜೆಯೊಳಗೆ ಚಾರ್ಜ್ ಮುಗಿಯುವುದಷ್ಟೇ ತೊಂದರೆಯಾದರೆ ಬ್ಯಾಟರಿ ಬದಲಿಸಿದರೆ ಸಾಕು. ಬ್ಯಾಟರಿ ಊದಿ ಹಿಂಬದಿಯ ಹೊದಿಕೆ ಮೇಲೆದ್ದಿದ್ದರೆ ಮಾತ್ರ ಒಂದು ದಿನವೂ ತಡಮಾಡದೆ ಬಳಸುವುದನ್ನು ನಿಲ್ಲಿಸಬೇಕು.

ಸ್ಮಾರ್ಟ್ ಟಿವಿಯಲ್ಲಿ ಮೊದಲು ಸೋಲುವುದು ಚಿತ್ರದ ಪರದೆಯಲ್ಲ, ಅದರೊಳಗಿನ ಬಡಪಾಯಿ ಪ್ರೊಸೆಸರ್ ಮತ್ತು ಇಕ್ಕಟ್ಟಾದ ಸಂಗ್ರಹ. ಪರದೆ ಚೆನ್ನಾಗಿದ್ದರೆ ಎಚ್‌ಡಿಎಂಐ ಕಿಂಡಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿ, ಟಿವಿಯ ಸ್ವಂತ ಬುದ್ಧಿಗೆ ನಿವೃತ್ತಿ ಕೊಟ್ಟರಾಯಿತು. ಬಲ್ಬು, ಬೀಗ, ಕ್ಯಾಮೆರಾಗಳಂಥ 'ಸ್ಮಾರ್ಟ್' ಸಾಮಾನುಗಳಲ್ಲಿ ನಮ್ಮ ಕೈಯಲ್ಲಿಲ್ಲದ ಇನ್ನೊಂದು ಭಾಗವಿದೆ, ತಯಾರಕರ ಸರ್ವರ್. ಅಮೆರಿಕದಲ್ಲಿ ಮಾರಾಟವಾಗಿದ್ದ ರಿವಾಲ್ವ್ ಎಂಬ ಗೃಹ ನಿಯಂತ್ರಣ ಸಾಧನದ ಸೇವೆಯನ್ನು ಅದರ ಮಾಲೀಕ ಸಂಸ್ಥೆ ನೆಸ್ಟ್ 2016ರಲ್ಲಿ ನಿಲ್ಲಿಸಿದಾಗ, ಕೆಡದೇ ಇದ್ದ ಪೆಟ್ಟಿಗೆಗಳೆಲ್ಲ ನಿರುಪಯುಕ್ತವಾದವು. ಇಂಟರ್ನೆಟ್ ಇಲ್ಲದಾಗಲೂ ಗೋಡೆಯ ಸ್ವಿಚ್ಚಿನಿಂದ ಉರಿಯದ ದೀಪವನ್ನು ಮನೆಗೆ ತರದಿರುವುದೇ ಲೇಸು.

ಫ್ರಿಜ್ಜಿನ ವಿಷಯದಲ್ಲಿ ಅಂಗಡಿಯವರ ವಾದ ಯಾವಾಗಲೂ ವಿದ್ಯುತ್ ಉಳಿತಾಯದ್ದು. ಅದು ಸುಳ್ಳಲ್ಲ, ಆದರೆ ಕರ್ನಾಟಕದಲ್ಲಿ ಆ ಲೆಕ್ಕಕ್ಕೆ ತನ್ನದೇ ಆದ ತಿರುವು ಇದೆ. ಇಂಧನ ದಕ್ಷತಾ ಬ್ಯೂರೊದ ಸ್ಟಾರ್ ಪಟ್ಟಿಯಲ್ಲಿ ನಕ್ಷತ್ರಗಳ ಕೆಳಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿ ಇರುತ್ತದೆ, ನೋಡಬೇಕಾದ್ದು ಅದನ್ನು. ಮಾನದಂಡ ಕೆಲವು ವರ್ಷಗಳಿಗೊಮ್ಮೆ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರವನ್ನು ಹೊಸ ಐದಕ್ಕೆ ಹೋಲಿಸಲಾಗದು. ಹಳೆಯ ಫ್ರಿಜ್ ವರ್ಷಕ್ಕೆ 500 ಯೂನಿಟ್, ಹೊಸದು 200 ಯೂನಿಟ್ ಕುಡಿಯುತ್ತದೆ ಎಂದಿಟ್ಟುಕೊಳ್ಳೋಣ. ಗೃಹಬಳಕೆಯ ದರ 2025ರ ಏಪ್ರಿಲ್‌ನಲ್ಲಿ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಆಗಿತ್ತು. ತೆರಿಗೆ ಇತ್ಯಾದಿ ಸೇರಿಸಿ ಏಳು ರೂಪಾಯಿ ಎಂದರೆ ವರ್ಷದ ಉಳಿತಾಯ 2,100 ರೂಪಾಯಿ. ಮೂವತ್ತು ಸಾವಿರದ ಫ್ರಿಜ್ ತನ್ನ ಬೆಲೆಯನ್ನು ಹಿಂತಿರುಗಿಸಲು ಹದಿನಾಲ್ಕು ವರ್ಷ ಬೇಕು, ಅಷ್ಟರಲ್ಲಿ ಅದೇ ಹಳೆಯದಾಗಿರುತ್ತದೆ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿರುವ ಮನೆಗಂತೂ ರೂಪಾಯಿಯ ಲೆಕ್ಕದಲ್ಲಿ ಉಳಿತಾಯವೇ ಇಲ್ಲ. ಆದರೆ ತಿಂಗಳ ಬಳಕೆ 205, 210, 215 ಎಂದು ಆ ಯೋಜನೆಯ 200 ಯೂನಿಟ್ಟಿನ ಗಡಿಯನ್ನು ತುಸುವೇ ದಾಟುತ್ತಿರುವ ಮನೆಯ ಕಥೆ ಪೂರ್ತಿ ಬೇರೆ: ಗಡಿ ದಾಟಿದ ತಿಂಗಳು ಮೇಲಿನ ಹತ್ತು ಯೂನಿಟ್ಟಿಗಲ್ಲ, ಇಡೀ ಬಿಲ್ಲಿಗೆ ಹಣ ಕಟ್ಟಬೇಕಾಗುತ್ತದೆ. ಅಂಥ ಮನೆಯಲ್ಲಿ ಫ್ರಿಜ್ ತಿಂಗಳಿಗೆ ಉಳಿಸುವ 25 ಯೂನಿಟ್ ಸಾವಿರಕ್ಕೂ ಹೆಚ್ಚಿನ ವ್ಯತ್ಯಾಸ ಮಾಡಬಲ್ಲದು, ಹೊಸದನ್ನು ಕೊಳ್ಳುವುದಕ್ಕೆ ನ್ಯಾಯವಿದೆ. ಅದಕ್ಕೂ ಮುಂಚೆ ಬಾಗಿಲಿನ ಅಂಚಿಗೆ ಒಂದು ಕಾಗದದ ಚೂರನ್ನು ಇಟ್ಟು ಮುಚ್ಚಿ ಎಳೆದು ನೋಡಬೇಕು. ಸಲೀಸಾಗಿ ಜಾರಿ ಬಂದರೆ ರಬ್ಬರ್ ಸಡಿಲವಾಗಿದೆ, ತಂಪು ಸೋರುತ್ತಿದೆ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದೆ.

ಗೀಸರ್ ಮತ್ತು ವಾಷಿಂಗ್ ಮಷಿನ್‌ನಲ್ಲಿ ಅಡಚಣೆ ಯಂತ್ರದ ಹೊರಗೇ, ನೀರಿನಲ್ಲಿದೆ. ವೈಟ್‌ಫೀಲ್ಡ್, ಮಹದೇವಪುರದ ಕಡೆ ಕೊಳವೆಬಾವಿ ಹಾಗೂ ಟ್ಯಾಂಕರ್ ನೀರನ್ನು ನಂಬಿದ ಮನೆಗಳಲ್ಲಿ ಗಡಸು ನೀರಿನ ಸುಣ್ಣ ಹೀಟಿಂಗ್ ಕಾಯಿಲ್ ಮೇಲೆ ಪದರಪದರವಾಗಿ ಕೂರುತ್ತದೆ, ಶಾಖ ನೀರಿಗೆ ದಾಟದೆ ಕಾಯಿಲ್ ತಾನೇ ಸುಟ್ಟುಹೋಗುತ್ತದೆ. ಟ್ಯಾಂಕಿನೊಳಗೆ ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯುವ ಮೆಗ್ನೀಷಿಯಂ ಕಡ್ಡಿಯೊಂದಿದೆ. ಅದನ್ನು ಕಾಲಕಾಲಕ್ಕೆ ಬದಲಿಸದ ಮನೆಯಲ್ಲಿ ಹೊಸ ಗೀಸರಿನ ಗತಿಯೂ ಹಳೆಯದರದ್ದೇ.

ರಿಪೇರಿಯ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಬದಲಿಸಬೇಕೆಂಬ ಸೂತ್ರವನ್ನು ಮೆಕ್ಯಾನಿಕ್‌ಗಳೂ ಅಂಗಡಿಯವರೂ ಹೇಳುತ್ತಾರೆ. ಸೂತ್ರ ಸರಿಯೇ, ಆದರೆ ಆ ಖರ್ಚನ್ನು ಹೇಳಿದವರು ಯಾರು ಎಂಬುದೂ ಮುಖ್ಯ. 'ಬೋರ್ಡ್ ಹೋಗಿದೆ ಸರ್' ಎಂದಾಗ ಅಧಿಕೃತ ಸೇವಾ ಕೇಂದ್ರ ಇಡೀ ಬೋರ್ಡಿನ ಬೆಲೆಯನ್ನು ಹೇಳುತ್ತದೆ; ಅದೇ ಬೋರ್ಡಿನಲ್ಲಿ ತಲೆ ಊದಿದ ಒಂದು ಕೆಪಾಸಿಟರನ್ನು ಮಾತ್ರ ಬದಲಿಸುವ ಕೈಗಳು ಎಸ್‌ಪಿ ರೋಡಿನ ಗಲ್ಲಿಗಳಲ್ಲಿವೆ. ವಾರಂಟಿ ಮುಗಿದ ಯಂತ್ರಕ್ಕೆ ಎರಡನೆಯ ಅಭಿಪ್ರಾಯ ಕೇಳುವುದರಲ್ಲಿ ನಷ್ಟವಿಲ್ಲ. ವಾರಂಟಿಯೊಳಗೇ ಸತಾಯಿಸುತ್ತಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಹಲವು ತಯಾರಕರ ರಿಪೇರಿ ಮಾಹಿತಿಯನ್ನು ಒಂದೆಡೆ ತರಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಪ್ರಾರಂಭಿಸಿದ 'ರೈಟ್ ಟು ರಿಪೇರ್' ಜಾಲತಾಣವೂ ಇದೆ.

ಕೊನೆಗೂ ಬದಲಿಸಿದ ಮೇಲೆ ಹಳೆಯದನ್ನು ಗುಜರಿಯವನ ಗಾಡಿಗೆ ಹಾಕುವುದು ಸುಲಭ, ಆದರೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಹೊಣೆಯಲ್ಲಿ ತಯಾರಕರೂ ಪಾಲುದಾರರು, ಆದ್ದರಿಂದ ಹೊಸದನ್ನು ತರುವಾಗಲೇ ಹಳೆಯದನ್ನು ಒಯ್ಯುವ ವ್ಯವಸ್ಥೆ ಇದೆಯೇ ಎಂದು ಕೇಳಬಹುದು. ಕೊಡುವ ಮೊದಲು ಫೋನಿನಿಂದ ಗೂಗಲ್ ಅಥವಾ ಆಪಲ್ ಖಾತೆಯನ್ನು ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಬೇಕು, ಟಿವಿಯಲ್ಲಿ ಲಾಗಿನ್ ಆಗಿರುವ ಖಾತೆಗಳಿಂದ ಹೊರಬರಬೇಕು, ಕಂಪ್ಯೂಟರಿನ ಹಾರ್ಡ್‌ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಬೇಕು. ಅಗ್ಗದ ಒಂದು ಯುಎಸ್‌ಬಿ ಪೆಟ್ಟಿಗೆಯೊಳಗೆ ಹಾಕಿದರೆ ಆ ಡಿಸ್ಕ್ ಇನ್ನೂ ಕೆಲವು ಕಾಲ ಫೋಟೊಗಳ ಎರಡನೆಯ ಪ್ರತಿಯನ್ನು ಇಡುವುದಕ್ಕೆ ಬರುತ್ತದೆ.